ಗೆರೆ ಇದ್ದ ಜಾಗ

ಲಾ ಕೊಯೊಲ ಪಟ್ಟಣದಲ್ಲಿ ದೊಡ್ಡ ಹಳದಿ ಚಿಟ್ಟೆಗಳು ಎರಡು ಬಗೆ. ಮುಂದಿನ ರೆಕ್ಕೆಯ ಕೆಳಮೈಯಲ್ಲಿ, ತುದಿಯಿಂದ ಓರೆಯಾಗಿ ಇಳಿಯುವ ಕಂದು ಗೆರೆ ಎಲ್ಲೂ ಕಡಿಯದಿದ್ದರೆ ಅದು ನೇರಗೆರೆ. ನಡುವೆ ಕಡಿದು ಪಕ್ಕಕ್ಕೆ ಸರಿದಿದ್ದರೆ ಮುರುಕುಗೆರೆ. ಬೇರೆ ವ್ಯತ್ಯಾಸವೇನೂ ಕಣ್ಣಿಗೆ ಬೀಳುವುದಿಲ್ಲ. ನೇರಗೆರೆಯನ್ನು ಸಾಕಿ ಹೊರದೇಶಕ್ಕೆ ಕಳಿಸಬಹುದು. ಮುರುಕುಗೆರೆಯನ್ನು ಕಳಿಸುವುದು ಅಪರಾಧ. ಈ ವ್ಯತ್ಯಾಸವನ್ನು ಕಾಯಲು ಸರ್ಕಾರ ನಮ್ಮಲ್ಲಿ ಐದು ಮೇಜುಗಳ ಒಂದು ಕಚೇರಿಯನ್ನು ಇಟ್ಟಿದೆ.

ಡಿಸೆಂಬರ್ ಎರಡನೇ ವಾರ ದೋನ್ಯಾ ಬೆರ್ತಿಲಿಯಾ ಈ ಕಚೇರಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಹಿತ್ತಿಲಿಗೆ ಬಲೆ ಕಟ್ಟಿ ಚಿಟ್ಟೆ ಸಾಕುತ್ತಿದ್ದವರು. ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಅವರು ಚಿಟ್ಟೆ ಹೊರಬರಲಿರುವ ಆರುನೂರು ಕೋಶಗಳನ್ನು ತಂದಿದ್ದರು. ಹೊರದೇಶದ ಒಂದು ಚಿಟ್ಟೆ ಉದ್ಯಾನದವರು, ಮೊದಲ ಪೆಟ್ಟಿಗೆ ಸರಿಯಾಗಿ ತಲುಪಿದರೆ ತಿಂಗಳಿಗೊಂದು ಕಳಿಸಿ, ಇಲ್ಲವಾದರೆ ಬೇಡ ಎಂದು ಬರೆದಿದ್ದರು. ಕೋಶ ಒಡೆಯಲು ಒಂಬತ್ತು ದಿನ ಉಳಿದಿತ್ತು.

ಕೋಶದ ಮೇಲೆ ಗೆರೆ ಕಾಣುವುದಿಲ್ಲವಾದ್ದರಿಂದ, ಅದೇ ತಳಿಯ ಬೆಳೆದ ಚಿಟ್ಟೆಯೊಂದನ್ನು ಮಾದರಿಯಾಗಿ ಒಪ್ಪಿಸಬೇಕು. ಅದನ್ನು ಪ್ರತಿ ಮೇಜಿನವರೂ 'ಕಣ್ಣಾರೆ ನೋಡಿ, ಕೈಯಾರೆ ದೃಢಪಡಿಸತಕ್ಕದ್ದು' ಎಂದು ನಿಯಮವಿದೆ.

ಕ್ರಿಸ್‌ಮಸ್ ತಿಂಗಳಾದ್ದರಿಂದ ದೋನ್ಯಾ ಮೇಜಿಗೆ ಎರಡರಂತೆ, ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿ ಜೋಡಿ ಕಟ್ಟಿದ ಮೆಕ್ಕೆಜೋಳದ ಕಡುಬು, ತಮಾಲ್, ಕೂಡ ತಂದಿದ್ದರು. ಕಚೇರಿಯಲ್ಲಿ ಯಾರೂ ಏನನ್ನೂ ಕೇಳುವವರಲ್ಲ. ಹಂದಿಮಾಂಸ ಹಾಕಿದ್ದೀರಾ ಎಂದು ಮಾತ್ರ ಐವರೂ ಒಬ್ಬೊಬ್ಬರಾಗಿ ಕೇಳಿದರು.

ಮೊದಲ ಮೇಜಿನವರು 'ನೇರ' ಎಂದು ಬರೆದರು. ಎರಡನೆಯವರೂ ಹಾಗೇ ಬರೆದರು. ಮೂರನೆಯ ಮೇಜಿನ ದೋನ್ ಎವೆಲಿಯೊ, ಕಚೇರಿಯ ಹಿರಿಯರು, ಮೊದಲು ತಮಾಲ್ ಮುಗಿಸಿದರು, ಆಮೇಲೆ ರೆಕ್ಕೆಯನ್ನು ಕೈಯಾರೆ ದೃಢಪಡಿಸಿ 'ನೇರ' ಎಂದೇ ಬರೆದರು. ನಾಲ್ಕನೆಯ ಮೇಜಿಗೆ ಬಂದಾಗ ಗೆರೆ ನಡುವೆ ಕಡಿದಿತ್ತು. ಅವರು ಪ್ರಾಮಾಣಿಕರು, 'ಮುರುಕು' ಎಂದು ಬರೆದರು. ಪೆಟ್ಟಿಗೆಗೆ ಮೊಹರು ಬಿದ್ದು ಅದು ಉಗ್ರಾಣ ಸೇರಿತು.

"ದೋನ್ ಎವೆಲಿಯೊ, ನೇರ ಅಂತ ನೀವೇ ಬರ್ದಿದ್ರಲ್ಲ," ಎಂದರು ದೋನ್ಯಾ.

"ನಾನು ಬರೆಯೋವಾಗ ನೇರಾನೇ ಇತ್ತು. ಇಲ್ಲ ಅಂದೋರು ಯಾರು?"

"ಗೆರೆ ಅಳಿಸಿದ್ದು ನಿಮ್ಮ ಹೆಬ್ಬೆಟ್ಟು. ಇನ್ನೂ ಕೊಬ್ಬಿನ ಜಿಡ್ಡಿದೆ ನೋಡಿ."

ದೋನ್ ಎವೆಲಿಯೊ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಹಳದಿ ಪುಡಿ ಅಂಟಿತ್ತು. "ಹೆಬ್ಬೆಟ್ಟು ಕಚೇರೀದು, ದೋನ್ಯಾ. ಕೊಬ್ಬು ನಿಮ್ಮದು."

ನಿಮ್ಮ ಮನೆ ಎಲ್ಲಿ ಎಂದು ದೋನ್ಯಾ ಅವರನ್ನು ಕೇಳಿದರು. ನಮ್ಮಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ಸಂಖ್ಯೆಯಿಲ್ಲ. ದೊಡ್ಡ ಅತ್ತಿಮರದಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ ಎಂದು ಅವರು ಹೇಳಿದರು. ಆ ಮರವನ್ನು ಕಡಿದು ಮೂವತ್ತೊಂದು ವರ್ಷವಾಗಿತ್ತು.

"ಇಲ್ಲದ ಮರ ಹಿಡ್ಕೊಂಡು ನಿಮ್ಮನೆಗೆ ಕಾಗದ ಬರುತ್ತೆ. ಗೆರೆ ಇದ್ದ ಜಾಗ ಹಿಡ್ಕೊಂಡು ನನ್ನ ಚಿಟ್ಟೆ ಯಾವುದು ಅಂತ ಹೇಳೋಕಾಗಲ್ವಾ?"

ಕಚೇರಿಯಲ್ಲಿ ಇಂಥ ಮಾತನ್ನು ಈವರೆಗೆ ಯಾರೂ ಆಡಿರಲಿಲ್ಲ. ದೋನ್ ಎವೆಲಿಯೊ ನ್ಯಾಯವಂತರು. ಆ ದಿನವೇ ಹೊಸ ನಿಯಮದ ಕರಡು ಬರೆದರು: 'ರೆಕ್ಕೆಯ ಮೇಲೆ ಹಿಂದೆ ಇದ್ದು, ಈಗ ಇಲ್ಲದ, ಆದರೆ ಎಲ್ಲಿತ್ತೆಂದು ಊರಿನವರಿಗೆ ತಿಳಿದಿರುವ ಗೆರೆಯನ್ನು ಇರುವ ಗೆರೆಯೆಂದೇ ಪರಿಗಣಿಸತಕ್ಕದ್ದು.' ಕರಡು ಒಪ್ಪಿಗೆಗಾಗಿ ರಾಜಧಾನಿಗೆ ಹೋಯಿತು. ದೋನ್ಯಾ ದಿನವೂ ಬಂದು ಉಗ್ರಾಣದ ಬಾಗಿಲ ಬಳಿ ಕೂತರು. ಏಳನೆಯ ದಿನ ಕಚೇರಿಗಳು ಕ್ರಿಸ್‌ಮಸ್ ರಜೆಗೆ ಮುಚ್ಚಿದವು.

ಜನವರಿಯಲ್ಲಿ ಒಪ್ಪಿಗೆ ಬಂತು. ಒಂದೇ ಬೆಳಿಗ್ಗೆ ಐದು ಮುದ್ರೆಗಳೂ ಬಿದ್ದವು. ಅಷ್ಟು ಬೇಗ ಯಾವ ಕೆಲಸವೂ ಇಲ್ಲಿ ಆದದ್ದಿಲ್ಲ. ಪೆಟ್ಟಿಗೆ ತೆರೆದರು. ಆರುನೂರು ಸಿಪ್ಪೆಗಳಿದ್ದವು. ಕೆಳಗೆ ಹತ್ತಿಯ ಮೇಲೆ, ಬಿಚ್ಚಲು ಜಾಗ ಸಿಗದ ರೆಕ್ಕೆಗಳು ಮಡಚಿಕೊಂಡೇ ಒಣಗಿದ್ದವು. ದೋನ್ಯಾ ಒಂದನ್ನು ಎತ್ತಿ ತಿರುಗಿಸಿ ನೋಡಿದರು. ಗೆರೆ ನೇರವಾಗಿತ್ತು.

"ನಾನು ಮೊದಲೇ ಬರ್ದಿದ್ದೆ," ಎಂದರು ದೋನ್ ಎವೆಲಿಯೊ.

ಹೊಸ ನಿಯಮ ಇಲ್ಲಿಗೂ ಅನ್ವಯಿಸುತ್ತದೆಯೆಂದು ಐದು ಮೇಜುಗಳೂ ಒಪ್ಪಿದವು. ಹಿಂದೆ ತುಂಬಿದ್ದ ಕೋಶಗಳನ್ನು ತುಂಬಿದ ಕೋಶಗಳೆಂದು ನಮೂದಿಸಿ, ಪೆಟ್ಟಿಗೆಯನ್ನು ವಿಮಾನಕ್ಕೆ ಹಾಕಲಾಯಿತು. ದೋನ್ಯಾ ಸಹಿ ಮಾಡಿದರು. ಉದ್ಯಾನದವರು ಮತ್ತೆ ಬರೆಯಲಿಲ್ಲ.

ಬಲೆ ಬಿಚ್ಚಿದ ಹಿತ್ತಿಲಲ್ಲಿ ಈಗ ಯಾರೋ ಟೈರಿಗೆ ಪಂಚರ್ ಹಾಕುತ್ತಾರೆ. ಕಾಗದಗಳ ಮೇಲೆ ಕಚೇರಿಯ ವಿಳಾಸ ಬದಲಾಗಿದೆ: 'ದೋನ್ಯಾ ಬೆರ್ತಿಲಿಯಾ ಅವರ ಚಿಟ್ಟೆಮನೆಯಿಂದ ನೂರು ಮೀಟರ್ ಪೂರ್ವಕ್ಕೆ.' ಬಸ್ ನಿಲ್ದಾಣದ ಬಳಿ ತಮಾಲ್ ಮಾರುವ ದೋನ್ಯಾ, ಕಚೇರಿಗೆ ದಾರಿ ಕೇಳಿದವರಿಗೆಲ್ಲ ಕೈ ತೋರಿಸಿ ಹೇಳುತ್ತಾರೆ.

"ಚಿಟ್ಟೆಮನೆ ಗೊತ್ತಲ್ಲ? ಅಲ್ಲಿಂದ ನೂರು ಮೀಟರ್."

ಈವರೆಗೆ ಯಾರೂ ದಾರಿ ತಪ್ಪಿಲ್ಲ.