ಮುಂಡರಗಿಗೆ ನಾನು ಓಡಿ ಹೋದದ್ದು

ಓಡುವುದರಲ್ಲಿ ಕಲಿಯಬೇಕಾದದ್ದು ಏನೂ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ನಡೆಯಲು ಬರುವವರಿಗೆ ಓಡಲೂ ಬರುತ್ತದೆ. ಸ್ವಲ್ಪ ಜಲ್ದಿ ನಡೆದರಾಯಿತು! ಶಿರಹಟ್ಟಿಯ ಅರ್ಧ ಊರಿನ ಹೆಂಗಸರಿಗೆ ಜಂಪರು ಹೊಲಿದುಕೊಟ್ಟ ಈ ಹಸೀನಾಳಿಗೆ, ದೇವರು ಕೊಟ್ಟ ಎರಡು ಕಾಲುಗಳನ್ನು ಒಂದರ ಮುಂದೊಂದು ಇಡುವುದು ಯಾವ ದೊಡ್ಡ ವಿದ್ಯೆ?

ಇದೆಲ್ಲ ಶುರುವಾದದ್ದು ಮುಂಡರಗಿಯಲ್ಲಿ, ನನ್ನ ತಮ್ಮ ರಾಜೇಸಾಬನ ಮಗಳ ಮದುವೆಯಲ್ಲಿ. ಶಾದಿಮಹಲಿನ ಮೆಟ್ಟಿಲು ಹತ್ತಿ ನಾನು ಕಂಬ ಹಿಡಿದು ಏದುಸಿರು ಬಿಡುತ್ತಿದ್ದೆ. ತಮ್ಮ ಎಲ್ಲರೆದುರು, "ಅಕ್ಕಾ, ಮುಂದಿನ ಕಾರ್ಯ ಕೆಳಗ ಇಡ್ತೀನಿ ಬಿಡು. ನಿನ್ನ ಹೊತಗೊಂಡು ಬರಾಕ ಮಂದಿ ಹುಡಕೂದು ತಪ್ಪತೈತಿ" ಎಂದ. ಬಳಗವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಯಜಮಾನರು, ದಾದಾಪೀರ ಸಾಹೇಬರು.

ನನಗೆ ರೋಷ ಬಂತು. "ನಗ್ರಿ, ನಗ್ರಿ! ಮುಂದಿನ ಹಬ್ಬಕ್ಕ ನಾ ಬಸ್ ಹತ್ತೂದಿಲ್ಲ. ಶಿರಹಟ್ಟಿಯಿಂದ ಇಲ್ಲೀತನಕ ಓಡಿಕೋತ ಬರ್ತೀನಿ!" ಎಂದು ಘೋಷಿಸಿಬಿಟ್ಟೆ.

ಅದು ಬಸ್ಸಿನಲ್ಲಿ ಕುಳಿತು ಹೋದರೇ ಸೊಂಟ ಹಿಡಿಯುವಷ್ಟು ದೂರ. ನನಗಾಗ ಐವತ್ತರ ಹೊಸ್ತಿಲು. ಹೊಲಿಗೆ ಮಶೀನಿನ ಮುಂದೆ ಕುಳಿತು ಕುಳಿತು ಮೊಣಕಾಲು ಎದ್ದಾಗಲೊಮ್ಮೆ, ಕುಳಿತಾಗಲೊಮ್ಮೆ ಸಲಾಮು ಹೇಳುತ್ತಿತ್ತು. ಆದರೆ ಮಾತು ಬಾಯಿಂದ ಹೊರಗೆ ಬಿದ್ದಾಗಿತ್ತು.

ತಯಾರಿಯನ್ನು ಶಾಸ್ತ್ರೋಕ್ತವಾಗಿ ಆರಂಭಿಸಿದೆ. ದಾರ, ಗುಂಡಿ ತರಲು ಗದಗ-ಬೆಟಗೇರಿಗೆ ಹೋದಾಗ ಒಂದು ಜೋಡಿ ಬೂಟು ಕೊಂಡೆ. ಒಂದಳತೆ ದೊಡ್ಡದಾಯಿತು. ಯಜಮಾನರದು ಗಾದಿ ತುಂಬುವ ಅಂಗಡಿ. ಅಲ್ಲಿಂದ ಒಂದು ಹಿಡಿ ಅರಳೆ ಕದ್ದು ಬೂಟಿಗೆ ತುಂಬಿದೆ. ಕಾಲಿಗೂ ಒಂದು ಗಾದಿಯಾಯಿತು!

ಇನ್ನು ಉಡುಪು. ಮೊಬೈಲಿನ ವಿಡಿಯೋಗಳಲ್ಲಿ ಓಡುವ ಹೆಂಗಸರು ಯಾರೂ ಉದ್ದ ಕಮೀಜು ಹಾಕಿರಲಿಲ್ಲ. ಆದ್ದರಿಂದ ಉಳಿದ ಕರಿ ಬಟ್ಟೆಯಲ್ಲಿ ಒಂದು ಪ್ಯಾಂಟು, ಮೇಲೆ ಸೊಂಟದವರೆಗೆ ಮಾತ್ರ ಬರುವ ಕುರ್ತಾ ಹೊಲಿದುಕೊಂಡೆ. ಬೇರೆಯವರ ಅಳತೆಯನ್ನು ನಾನು ಎರಡೆರಡು ಸಲ ಟೇಪು ಹಿಡಿದು ತೆಗೆಯುತ್ತೇನೆ. ನನ್ನ ಅಳತೆಗೆ ಟೇಪು ಯಾಕೆ? ನನ್ನ ಸೊಂಟ ನನಗೆ ಗೊತ್ತಿಲ್ಲವೇ? ನೆನಪಿನಿಂದಲೇ ಕತ್ತರಿ ಆಡಿಸಿದೆ. ಆ ನೆನಪು ನನ್ನ ಮದುವೆಯ ಕಾಲದ್ದೆಂದು ಆಮೇಲೆ ಗೊತ್ತಾಯಿತು!

ಯಜಮಾನರಿಗೆ ಏನೂ ಹೇಳಲಿಲ್ಲ. ಚೆನ್ನಾಗಿ ಓಡಲು ಬಂದ ಮೇಲೆ ಒಮ್ಮೆಲೇ ತೋರಿಸಿ ಬೆರಗಾಗಿಸುವುದು ನನ್ನ ಹಂಚಿಕೆ. ಅವರು ಬೆಳಗಿನ ನಮಾಜಿಗೆ ಮಸೀದಿಗೆ ಹೋದ ಹೊತ್ತು ನೋಡಿ, ತಲೆಗೆ ದುಪಟ್ಟಾ ಬಿಗಿದು ಮುಂಡರಗಿಯ ಹಾದಿ ಹಿಡಿದೆ.

ಆಹಾ, ಆ ಮೊದಲ ಓಟ! ತಂಪು ಗಾಳಿ, ಎರಡೂ ಕಡೆ ಬಿಳಿಜೋಳದ ಹೊಲ. ಹೀಗೇ ಹೋದರೆ ಇವತ್ತೇ ಮುಂಡರಗಿ ಮುಟ್ಟಿಬಿಡುತ್ತೇನೇನೋ ಎಂದು ಹೆದರಿಕೆಯಾಯಿತು. ಅಷ್ಟರಲ್ಲಿ ಉಸಿರು ನಿಂತಿತು. ತಿರುಗಿ ನೋಡಿದರೆ ಊರ ಕೊನೆಯ ಮನೆಯ ಕೋಳಿ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು.

ದಣಿವಾದಾಗ ಎತ್ತರದ ಜಾಗದ ಮೇಲೆ ಕಾಲಿಟ್ಟು ಬಾಗಬೇಕೆಂದು ವಿಡಿಯೋದಲ್ಲಿ ಹೇಳಿದ್ದರು. ಹಳ್ಳದ ಮೇಲಿನ ಸಣ್ಣ ಸೇತುವೆಯ ಕಟ್ಟೆಗೆ ಒಂದು ಕಾಲಿಟ್ಟೆ. ಬಾಗಿದೆ.

ಚರ್ರ್!

ನನ್ನ ಕಿವಿ ಹೊಲಿಗೆಯವಳ ಕಿವಿ. ಯಾವ ಬಟ್ಟೆ, ಎಲ್ಲಿ ಹರಿಯಿತು, ಎಷ್ಟುದ್ದ ಹರಿಯಿತು ಎಂದು ನೋಡದೆ ಹೇಳಬಲ್ಲೆ. ಹಿಂದೆ ಹರಿದಿತ್ತು. ಉದ್ದ ಬಹಳವಿತ್ತು!

ಥಟ್ಟನೆ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ತಲೆಯ ದುಪಟ್ಟಾ ಬಿಚ್ಚಿ ಸೊಂಟಕ್ಕೆ ಸುತ್ತಿದರೆ ತಲೆಯ ಮರ್ಯಾದೆ ಹೋಗುತ್ತದೆ. ಸುತ್ತದೆ ಎದ್ದರೆ ಉಳಿದ ಮರ್ಯಾದೆಯೂ ಹೋಗುತ್ತದೆ. ಯೋಚಿಸುತ್ತಿರುವಾಗಲೇ ಹಾಲಿನ ಬಸಣ್ಣ ಕ್ಯಾನು ಕಟ್ಟಿದ ಬೈಕಿನಲ್ಲಿ ಬಂದ.

"ಹಸೀನಾ ಅಕ್ಕಾರ, ಇಷ್ಟೊತ್ತಿನ್ಯಾಗ ಇಲ್ಲಿ ಒಬ್ಬರ ಕುಂತೀರಲ್ರಿ?"

"ಏನಿಲ್ಲ ಬಸಣ್ಣಾ, ಓಡಿ ಬಂದೀನಿ."

ಬೈಕು ಗಕ್ಕನೆ ನಿಂತಿತು. "ಮನಿ ಬಿಟ್ಟ?"

"ಮತ್ತ? ಮನ್ಯಾಗ ಓಡಾಕ ಜಾಗಾ ಎಲ್ಲೈತಿ?"

"ಎಲ್ಲಿಗ್ರಿ ಹೊಂಟದ್ದು?"

"ಮುಂಡರಗಿಗೆ. ತವರಮನಿಗೆ."

"ದಾದಾಪೀರ ಅಣ್ಣಾರಿಗೆ ಗೊತ್ತೈತೇನ್ರಿ?"

"ಇಲ್ಲೋ ಮಾರಾಯಾ, ಅವರಿಗೆ ಮಾತ್ರ ಹೇಳಬ್ಯಾಡ!"

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಬಸಣ್ಣನ ಮುಖ ಬಿಳಿಚಿಕೊಂಡಿತು. "ಅಲ್ಲೇ ಕುಂಡ್ರಿ ಅಕ್ಕಾರ, ಮುಂದ ಹೋಗಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ" ಎಂದವನೇ ಊರಿನ ಕಡೆ ಗಾಳಿಯಂತೆ ಹೋದ. ಒಂದು ಮನೆಗೆ ಹಾಲು ಹಾಕಿ ಒಂದು ಮನೆಗೆ ಸುದ್ದಿ ಹಾಕಿದ್ದರೂ ನಡೆಯುತ್ತಿತ್ತು. ಅವನು ಎಲ್ಲ ಮನೆಗೂ ಎರಡನ್ನೂ ಹಾಕಿದ!

ಸ್ವಲ್ಪ ಹೊತ್ತಿಗೆ ನಮ್ಮ ಓಣಿಯ ಹಿರಿಯರಾದ ಫಕೀರಪ್ಪ ಕಾಕಾ ಹೊಲಕ್ಕೆ ಹೊರಟ ಎತ್ತಿನ ಚಕ್ಕಡಿಯನ್ನು ನಿಲ್ಲಿಸಿ ನನ್ನ ಪಕ್ಕ ಬಂದು ಕುಳಿತರು. ಸುದ್ದಿ ಅವರನ್ನು ಮುಟ್ಟಿತ್ತು.

"ಏಳ ತಂಗಿ, ಮನಿಗೆ ಹೋಗೂನು."

"ನಾ ಏಳೂದಿಲ್ಲ ಕಾಕಾ."

"ಯಾಕವಾ?"

"ಅದನ್ನ ನಿಮ್ಮ ಮುಂದ ಹೇಳಾಕ ಬರೂದಿಲ್ಲ."

ಕಾಕಾ ನಿಟ್ಟುಸಿರು ಬಿಟ್ಟರು. "ದಾದಾಪೀರ ಕೈ ಮಾಡಿದ್ನೇನು?"

"ಛೇ, ಛೇ! ಇಲ್ಲ!"

"ಕುಡ್ಯಾಕತ್ತಾನೇನು?"

"ಚಹಾ ಬಿಟ್ರ ಏನೂ ಕುಡಿಯೂದಿಲ್ರಿ."

"ಮತ್ತ ಇನ್ನೂ ದೊಡ್ಡದ ಏನೋ ಇರಬೇಕು" ಎಂದು ಕಾಕಾ ಕಣ್ಣೊರೆಸಿಕೊಂಡರು. ತಮ್ಮ ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೈಗಿಟ್ಟರು. "ಮೊದಲ ತಿನ್ನು. ಹಸಗೊಂಡು ಸಿಟ್ಟ ಮಾಡಬಾರದು." ಓಡಿ ಹಸಿವಾಗಿತ್ತು. ತಿಂದೆ. ಎಷ್ಟು ದಿನದಿಂದ ಉಂಡಿಲ್ಲವೋ ಎಂಬಂತೆ ಕಾಕಾ ನನ್ನನ್ನು ನೋಡಿ ಮತ್ತೆ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಬೈಕು, ಸೈಕಲ್ಲುಗಳಲ್ಲಿ ಗಂಡಸರು ನೆರೆದರು. ಒಬ್ಬ ಹೆಂಗಸೂ ಇಲ್ಲ! ಕೊನೆಗೆ ಲಕ್ಷ್ಮೇಶ್ವರಕ್ಕೆ ಹೊರಟಿದ್ದ ಗಾದಿ ಹೇರಿದ ಟಂಟಂ ರಿಕ್ಷಾ ದಿಕ್ಕು ತಿರುಗಿಸಿ ಇತ್ತ ಬಂತು. ಗಾದಿಗಳ ನಡುವಿನಿಂದ ಯಜಮಾನರು ಧುಮುಕಿದರು. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ತಮ್ಮದು. ಕಿವಿಯಲ್ಲಿದ್ದ ಫೋನಿನಿಂದ ರಾಜೇಸಾಬನ ದನಿ ನಮಗೆಲ್ಲ ಕೇಳುತ್ತಿತ್ತು: "ನಮ್ಮಕ್ಕಗ ಏನ್ ಮಾಡೀರಿ ಮಾವಾ? ಹೇಳ್ರಿ! ಗಾಡಿ ತಗೊಂಡು ಬರಾಕತ್ತೀನಿ!"

ಯಜಮಾನರು ನನ್ನೆದುರು ನಿಂತು ಎರಡೂ ಕೈ ಜೋಡಿಸಿದರು. ಮದುವೆಯಾದ ಮೇಲೆ ಆ ಕೈಗಳು ಹಾಗೆ ಜೋಡಿಯಾದದ್ದನ್ನು ನಾನು ನೋಡಿರಲೇ ಇಲ್ಲ.

"ಹಸೀನಾ, ತಪ್ಪಾತು. ನಿನ್ನಿ ಬ್ಯಾಳಿಗೆ ಉಪ್ಪ ಕಡಿಮಿ ಅನಬಾರದಿತ್ತು."

ನಾನು ಕಟ್ಟೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಇನ್ನೂ ಹೆದರಿದರು.

"ನಿನ್ನ ಹೂವಿನ ಚಹಾ ಕಪ್ ಒಡದದ್ದು ಬೆಕ್ಕಲ್ಲ. ನಾನ ಒಡದದ್ದು."

ಇದು ಹೊಸ ಸುದ್ದಿ! ಹೀಗೇ ಇನ್ನೂ ಸ್ವಲ್ಪ ಹೊತ್ತು ಕುಳಿತರೆ ಏನೇನು ಹೊರಬರುವುದೋ ಎಂಬ ಆಸೆ ಒಂದು ಕ್ಷಣ ಮೂಡಿದ್ದು ನಿಜ. ಆದರೆ ಅವರ ಕಾಲಿನ ಎರಡು ಬಗೆಯ ಚಪ್ಪಲಿ ನೋಡಿ ಆ ಆಸೆ ಬಿಟ್ಟೆ. ಬಾಗಿ ಮೆಲ್ಲಗೆ, "ರೀ... ಹರದೈತ್ರಿ" ಎಂದೆ.

ಅವರಿಗೆ ಕೇಳಲಿಲ್ಲ. ಕಾಕಾನಿಗೆ ಕೇಳಿತು. "ಹರದ್ರ ಏನಾತು ತಂಗಿ!" ಎಂದು ನುಡಿದರು. "ಸಂಸಾರ ಅಂದ್ರ ಹರೀತೈತಿ. ಹೊಲಕೊಂಡು ಹೋಗಬೇಕು. ನೀನ ಟೇಲರ್ ಇದ್ದೀ, ನಿನಗ ನಾ ಹೇಳಬೇಕೇನು?"

ನೆರೆದವರು ತಲೆದೂಗಿದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವರಿಗೆ ಅಳು ಮಾತ್ರ ಕಾಣಿಸಿತು.

ಆಗ ಕಳೆ ತೆಗೆಯಲು ಹೊರಟಿದ್ದ ನೀಲವ್ವ ಗಂಡಸರನ್ನು ಸರಿಸಿಕೊಂಡು ಬಂದಳು. ನನ್ನ ಹಳೆಯ ಗಿರಾಕಿ. ಅವಳ ಕಿವಿಯಲ್ಲಿ ಎರಡೇ ಮಾತು ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲಾಡಿ ಅಲ್ಲಾಡಿ ನಕ್ಕಳು. ಆಮೇಲೆ ಗುಡುಗಿದಳು: "ಎಲ್ಲಾ ಗಂಡಸರು ಅತ್ತಾಗ ತಿರುಗ್ರಿ!"

ಎಲ್ಲರೂ ತಿರುಗಿದರು. ಕಾಕಾ ತಿರುಗಿದರು. ಯಾಕೆಂದು ತಿಳಿಯದೆ ಯಜಮಾನರೂ ತಿರುಗಿದರು! ನೀಲವ್ವ ಹೊಲದ ಕೆಲಸಕ್ಕೆಂದು ಸೀರೆಯ ಮೇಲೆ ಹಾಕಿಕೊಂಡಿದ್ದ ಗಂಡನ ಹಳೆಯ ಅಂಗಿಯನ್ನು ಬಿಚ್ಚಿ ನನ್ನ ಸೊಂಟಕ್ಕೆ ಗಟ್ಟಿಯಾಗಿ ಕಟ್ಟಿದಳು. ನಾನು ಎದ್ದು ನಿಂತೆ.

"ಓಡೂದು ಕಲ್ಯಾಕ ಬಂದಿದ್ದೆ. ಪ್ಯಾಂಟ ಹರೀತು. ಇಷ್ಟ ಆಗಿದ್ದು" ಎಂದು ನೆರೆದ ಸಭೆಗೆ ನಿವೇದಿಸಿಕೊಂಡೆ.

ಮೊದಲು ಫೋನಿನೊಳಗಿಂದ ರಾಜೇಸಾಬ ನಕ್ಕದ್ದು ಎಲ್ಲರಿಗೂ ಕೇಳಿತು. ಮುಂಡರಗಿಯಿಂದ ಕೇಳಲು ಫೋನೇ ಬೇಕಿರಲಿಲ್ಲವೇನೋ, ಅಷ್ಟು ಜೋರು! ಹಳ್ಳದ ಕಟ್ಟೆಯೇ ಅಲುಗುವಂತೆ ಎಲ್ಲರೂ ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು, "ನೀ ಹೋಗಿಬಿಟ್ಟಿ ಅಂತ ತಿಳಿದಿದ್ನಲ್ಲ" ಎಂದರು. ಅಷ್ಟೇ. ಟಂಟಂನಲ್ಲಿ ಗಾದಿಗಳ ಮೇಲೆ ಬೇಗಮಳಂತೆ ಮಲಗಿಸಿಕೊಂಡು ಮನೆಗೆ ಕರೆದೊಯ್ದರು. ಬೇರೆ ದಾರಿಯಿರಲಿಲ್ಲ; ನನ್ನ ಕಾಲುಗಳು ಕೆಲಸ ನಿಲ್ಲಿಸಿದ್ದವು.

ಆ ದಿನ ಬಸಣ್ಣನ ಹಾಲು ಎಷ್ಟೋ ಮನೆಗೆ ತಡವಾಗಿ ಮುಟ್ಟಿತು. ಕಾಕಾನ ಹೊಲದ ಕೆಲಸ ನಿಂತಿತು. ನೀಲವ್ವ ತಡವಾಗಿ ಹೋಗಿ ಬೈಸಿಕೊಂಡಳು. ಹರಿದ ಒಂದು ಪ್ಯಾಂಟಿಗಾಗಿ! ನಾನು ನಿಜವಾಗಿಯೂ ಮನೆ ಬಿಟ್ಟು ಹೊರಟಿದ್ದರೆ ಊರ ಗಡಿ ದಾಟಲು ಈ ಮಂದಿ ಬಿಡುತ್ತಿರಲಿಲ್ಲ ಎಂದು ತಿಳಿದಾಗ, ಗಾದಿಯ ಮೇಲೆ ಮಲಗಿದಲ್ಲೇ ಕಣ್ಣು ತುಂಬಿ ಬಂತು. ಇಷ್ಟು ಜನ ನನಗಾಗಿ ಓಡಿಬಂದಿದ್ದರು. ಓಡಲು ಹೋದ ನಾನೊಬ್ಬಳೇ ಅವತ್ತು ಸರಿಯಾಗಿ ಓಡಿರಲಿಲ್ಲ!

ಹೊಸ ಪ್ಯಾಂಟಿಗೆ ಅಳತೆಯನ್ನು ಯಜಮಾನರೇ ತೆಗೆದರು. ಗಾದಿ ಅಳೆಯುವ ಟೇಪಿನಿಂದ! ಈಗ ದಿನಾ ಬೆಳಿಗ್ಗೆ ಬಹಿರಂಗವಾಗಿಯೇ ಓಡುತ್ತೇನೆ. ಹಾದಿಯಲ್ಲಿ ಒಬ್ಬರು ಚಹಾ ಕೊಡುತ್ತಾರೆ, ಒಬ್ಬರು ಹಸಿ ಶೇಂಗಾ ಕೊಡುತ್ತಾರೆ. ಬೇಡವೆನ್ನಲು ಮನಸ್ಸು ಬರುವುದಿಲ್ಲ. ಈ ಹಬ್ಬಕ್ಕೆ ಮುಂಡರಗಿಗೆ ಬಸ್ಸಿನಲ್ಲೇ ಹೋಗಿಬಂದೆ. ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ಬರುವ ಹಬ್ಬದ ಮಾತು ಬೇರೆ!

ಪ್ರಗತಿಯಂತೂ ಆಗಿದೆ. ಮೊನ್ನೆ ಬೆಳಿಗ್ಗೆ ಕಾಲಿಗೆ ಎಲ್ಲಿಂದಲೋ ಕಸುವು ಬಂತು. ಮುಂದೆ ಫಕೀರಪ್ಪ ಕಾಕಾನ ಚಕ್ಕಡಿ ಕಾಣಿಸಿತು. ಹಲ್ಲು ಕಚ್ಚಿ ಓಡಿದೆ. ಹತ್ತಿರವಾದೆ. ಸಮಸಮ ಬಂದೆ. ದಾಟಿಯೇಬಿಟ್ಟೆ! ಎರಡೂ ಕೈ ಮೇಲೆತ್ತಿ ಕೂಗಿದೆ: "ಕಾಕಾ! ಎತ್ತಿನಕಿಂತ ಮುಂದ ಬಂದೆ ನೋಡ್ರಿ!"

ಹಿಂದಿನಿಂದ ಕಾಕಾ ಅಷ್ಟೇ ಪ್ರೀತಿಯಿಂದ ಕೂಗಿದರು: "ಶಾಬಾಶ್ ತಂಗಿ! ಹಂಗ ಹೋಗು! ಎತ್ತ ಉಚ್ಚಿ ಹೊಯ್ಯಾಕ ನಿಂತಾವ. ಮುಗಿಯೂತನಾ ನಿಲ್ಲಸ್ತೀನಿ!"

ಆ ಎರಡು ಎತ್ತುಗಳಿಗೆ ನಾನು ಸದಾ ಋಣಿ.