ಮಾವನ ಫ್ರಿಜ್ಜಿಗೆ ಲೋಕವೇ ಅಡ್ಡ ಬಂದದ್ದು

ದೇಶದೇಶಗಳ ನಡುವಿನ ಮಾತುಕತೆ ಎಲ್ಲೇ ನಡೆಯಲಿ, ಕೊನೆಗೆ ಬಂದು ನಿಲ್ಲುವುದು ನಮ್ಮ ಅಡುಗೆಮನೆಯಲ್ಲಿ ಎಂಬುದು ನನ್ನ ಅನುಭವ. ಯಾವುದೋ ಚಳಿದೇಶದಲ್ಲಿ ಎಲ್ಲರೂ ಸೇರಿ, ಓಜೋನ್ ಪದರವನ್ನು ತೂತು ಮಾಡುವ ಫ್ರಿಜ್ ಗ್ಯಾಸನ್ನು ಕೈಬಿಡೋಣ ಎಂದು ಒಪ್ಪಂದ ಮಾಡಿಕೊಂಡರು. ನಮ್ಮ ದೆಹಲಿ ಸುಮ್ಮನೆ ತಲೆಯಾಡಿಸಲಿಲ್ಲ. ಬಡ ದೇಶಗಳಿಗೆ ನೆರವು ಕೊಡಿ, ಆಮೇಲೆ ಸಹಿ ಎಂದು ಹಠ ಹಿಡಿದು ಗೆದ್ದಿತು. ಆಮೇಲೆ ಮಾಡಿದ ನಿಯಮ ವಡೋದರಾದ ಮಕರಪುರದಲ್ಲಿ ನಾನು ದುಡಿಯುವ ಶೈತ್ಯಯಂತ್ರದ ಕಾರ್ಖಾನೆಗೂ ಬಂತು. ಹಳೆ ಗ್ಯಾಸ್ ಬಿಡಿಸಿ ಹೊಸದು ರೂಢಿ ಮಾಡಿಸುವ ಉಸ್ತುವಾರಿ ನನ್ನದು! ಆಗ ನನ್ನ ನಡಿಗೆಯೇ ಬದಲಾಗಿತ್ತೆಂದು ಹೆಂಡತಿ ಶಾರದೆ ಈಗಲೂ ಆಡಿಕೊಳ್ಳುತ್ತಾಳೆ. ನಾವಿರುವ ಮಂಜಲ್‌ಪುರದ ತರಕಾರಿಯವಳಿಗೂ ಓಜೋನ್ ಪಾಠ ಹೇಳಿದ್ದೆ. ಪಾಪ, ಆಕೆ ನಾಲ್ಕು ಹಸಿಮೆಣಸು ಹೆಚ್ಚಿಗೆ ಹಾಕಿ ಸಾಗಹಾಕಿದಳು.

ಅಂಥ ನನ್ನ ಮನೆಯ ಫ್ರಿಜ್ಜೇ ಒಂದು ಬೇಸಿಗೆಯಲ್ಲಿ ಕೈಕೊಟ್ಟಿತು. ಅದು ಮದುವೆಯಲ್ಲಿ ಕುಂದಾಪುರದ ಮಾವ ಕೊಟ್ಟದ್ದು. ಮೊಮ್ಮಗನಿಗಿಂತ ಮೊದಲು ಫ್ರಿಜ್ಜಿನ ಯೋಗಕ್ಷೇಮ ವಿಚಾರಿಸುವ ಆ ಮಾವ ಮುಂದಿನ ವಾರವೇ ಬರುವವರಿದ್ದರು.

"ಸಾಹೇಬ್, ಗ್ಯಾಸ್ ಸೋರಿದೆ. ಹೊಸ ಗ್ಯಾಸ್ ಈ ಹಳೇ ಯಂತ್ರಕ್ಕೆ ಒಗ್ಗೋದಿಲ್ಲ. ಹಳೇದು ನನ್ನ ಹತ್ರ ಸ್ವಲ್ಪ ಉಳಿದಿದೆ, ತುಂಬಿಬಿಡಲಾ?" ಎಂದು ರಿಪೇರಿಯ ಜಯಂತಿಭಾಯಿ ಹಿಂದಿಯಲ್ಲಿ ಕೇಳಿದರು.

ನಿಯಮವಿದ್ದದ್ದು ಹೊಸ ಯಂತ್ರಗಳಿಗೆ; ಹಳೇದಕ್ಕೆ ತುಂಬಿಸಿದ್ದರೆ ಕಾನೂನೇನೂ ಅಡ್ಡ ಬರುತ್ತಿರಲಿಲ್ಲ. ಆದರೆ ಬೆಳಗ್ಗೆ ತಾನೇ ಆ ಗ್ಯಾಸಿನ ವಿರುದ್ಧ ಭಾಷಣ ಬಿಗಿದು ಬಂದ ಬಾಯಿ ನನ್ನದು. "ಬೇಡ, ದೇಶ ಮಾತು ಕೊಟ್ಟಿದೆ" ಎಂದೆ. ಹೇಳುವಾಗ ಎದೆ ಉಬ್ಬಿದ್ದು ಸುಳ್ಳಲ್ಲ.

"ದೇಶ ಮಾತು ಕೊಟ್ಟದ್ದು ಸರಿ ಮಾರಾಯ್ರೆ, ಅಪ್ಪಯ್ಯನಿಗೆ ಉತ್ತರ ಕೊಡುವವರು ಯಾರು? ದೋಸೆಹಿಟ್ಟು ಮಧ್ಯಾಹ್ನಕ್ಕೇ ಹುಳಿ ಬರ್ತದೆ" ಎಂದಳು ಶಾರದೆ.

ಮಾವ ಬಂದರು. ಚಪ್ಪಲಿ ಬಿಟ್ಟವರೇ ಫ್ರಿಜ್ಜಿನ ಬಾಗಿಲು ತೆಗೆದರು. ಒಳಗೆ ಹಪ್ಪಳ, ಸಂಡಿಗೆಗಳು ಬೆಚ್ಚಗೆ ಕೂತಿದ್ದವು. ನಾನು ಓಜೋನಿನಿಂದ ಹಿಡಿದು ದೆಹಲಿಯ ನಿಯಮದವರೆಗೆ ಎಲ್ಲ ಒಪ್ಪಿಸಿದೆ. ನನ್ನ ತ್ಯಾಗವನ್ನಂತೂ ಎರಡು ಸಲ ಹೇಳಿದೆ. ಮಾವ ಗಂಭೀರವಾಗಿ ಕೇಳಿ, ಮೀಸೆ ತೀಡಿಕೊಂಡು, ಊರಿನಲ್ಲಿದ್ದ ತಮ್ಮನಿಗೆ ಫೋನು ಮಾಡಿದರು.

"ಕೇಳಿದ್ಯಾ? ನಾನು ಕೊಟ್ಟ ಫ್ರಿಜ್ ನಿಲ್ಲಿಸ್ಲಿಕ್ಕೆ ಲೋಕದ ದೇಶಗಳೆಲ್ಲ ಒಟ್ಟಾಗಬೇಕಾಯ್ತು. ಅಷ್ಟು ಗಟ್ಟಿ ಮಾಲು!"

ತ್ಯಾಗ ಮಾಡಿದ ಅಳಿಯನ ಹೆಸರೂ ಈಗ ಬರುತ್ತದೆಂದು ನಾನು ಕಿವಿ ನೆಟ್ಟಗೆ ಮಾಡಿ ನಿಂತೆ. ಬಂತು.

"ಆದ್ರೂ ನಮ್ಮ ಅಳಿಯಂದಿರು ಬಾಗಿಲು ಸರಿ ಹಾಕ್ತಿರ್ಲಿಲ್ಲ ಅಂತ ಕಾಣ್ತದೆ."