ಗಿಣ್ಣು ಬಂದ ಬಟ್ಟಲು

ಆಸೆಯಾದದ್ದನ್ನು ಬಾಯಿಬಿಟ್ಟು ಕೇಳುವ ಧೈರ್ಯ ನನಗೆ ಎಂದೂ ಇಲ್ಲ. ಬದಲಿಗೆ ಅದರ ಬಗ್ಗೆ ಪುಸ್ತಕ ಹುಡುಕುತ್ತೇನೆ. ಇದನ್ನು ನಾನು ಅಧ್ಯಯನ ಎನ್ನುತ್ತೇನೆ. ನನ್ನ ಹೆಂಡತಿ ಸರೋಜ ಬೇರೆ ಹೆಸರಿಟ್ಟಿದ್ದಾಳೆ, ಅದು ಅಚ್ಚು ಹಾಕಿಸುವಂಥದ್ದಲ್ಲ.

ಅಟ್ಟೂರಿನಲ್ಲಿ ನಮ್ಮ ಪಕ್ಕದ ಮನೆ ಮುನಿರಾಜಣ್ಣನವರದು. ಹೊಲವೆಲ್ಲ ಲೇಔಟ್ ಆಗಿ, ಮಹಡಿಯ ಮೇಲೆ ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮೇಲೂ ಹಿತ್ತಲಲ್ಲಿ ಒಂದು ಹಸು ಉಳಿಸಿಕೊಂಡಿದ್ದಾರೆ. ಅದು ಕರು ಹಾಕಿದಾಗ ಅವರ ಹೆಂಡತಿ ಜಯಮ್ಮ ಗಿಣ್ಣು ಕಳಿಸಿದರು, ತಿಳಿಹಸಿರು ಗಾಜಿನ ಬಟ್ಟಲಲ್ಲಿ. ಅಂಚಿನ ಸುತ್ತ ದ್ರಾಕ್ಷಿ ಬಳ್ಳಿ. ಹಳೆಯ ಗಾಜಿನ ಸಾಮಾನು ಎಂದರೆ ನನಗೆ ಪ್ರಾಣ. ಗಿಣ್ಣನ್ನು ಸರೋಜ ತಿಂದಳು, ನಾನು ಬಟ್ಟಲು ನೋಡುತ್ತ ಕೂತೆ. ಇದು ಅಪರೂಪದ ವಿಲಾಯಿತಿ ಮಾಲು ಎಂದು ಅನುಮಾನ ಬಂತು, ಜೊತೆಗೇ ಆಸೆಯೂ ಬಂತು. ತಿಂಡಿ ಬಂದ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ಹಿಂತಿರುಗಿಸುವುದಿಲ್ಲ. ಸರೋಜ ಸಕ್ಕರೆ ತುಂಬಿ ಕೊಡಲು ಹೊರಟಾಗಲೆಲ್ಲ, "ಪುಸ್ತಕ ಸಿಗ್ಲಿ, ತಡಿ" ಎಂದು ತಡೆದೆ.

"ಜಯಮ್ಮ ಏನಂದ್ಕೋತಾರ್ರೀ? ಬಟ್ಟಲೂ ನುಂಗ್ಬಿಟ್ರು ಅನ್ನಲ್ವಾ?" ಎಂದಳು.

ಇಂಥ ಪುಸ್ತಕಗಳು ಎಲ್ಲೋ ವಿದೇಶದಲ್ಲಿ ಒಮ್ಮೆ ಅಚ್ಚಾಗಿ ನಿಂತುಹೋಗುತ್ತವೆ. ಆನ್‌ಲೈನಿನಲ್ಲಿ ಮುಖಪುಟ ಮಾತ್ರ ಕಾಣಿಸುತ್ತದೆ, ಪುಸ್ತಕ ಇರುವುದಿಲ್ಲ. ಯಶವಂತಪುರದ ಹಳೆ ಪುಸ್ತಕದಂಗಡಿಯವನು ಬಹಳ ಹುಡುಕಿ, ಕಿಟಕಿಗೆ ಗಾಜು ಕೂರಿಸುವ ಕೈಪಿಡಿ ಕೊಟ್ಟ. ಆರ್.ಟಿ. ನಗರದಲ್ಲಿ ಸಿಕ್ಕಿದ್ದು ಕನ್ನಡಕ ಮಾಡುವವರ ಪಠ್ಯಪುಸ್ತಕ. ಎರಡನ್ನೂ ಕೊಂಡೆ. ಬೇಡ ಎನ್ನುವ ಧೈರ್ಯವೂ ನನಗಿಲ್ಲ.

ಕೊನೆಗೆ ಅಬ್ಬಿಗೆರೆಯ ಗುಜರಿ ಅಂಗಡಿಯಲ್ಲಿ ಹಳೆಯ ಗಾಜಿನ ಸಾಮಾನಿನ ಪುಸ್ತಕವೊಂದು ಕಣ್ಣಿಗೆ ಬಿತ್ತು. ತೂಕದ ಯಂತ್ರದ ಒಂದು ಕಾಲಿನ ಕೆಳಗಿತ್ತು.

"ಅದ್ ಕೊಡಕ್ಕಾಗಲ್ಲ ಸಾರ್, ತೆಗುದ್ರೆ ಮಿಷನ್ ವಾಲ್ತದೆ," ಎಂದ ಗುಜರಿಯವನು. "ಅಷ್ಟೇ ದಪ್ಪದ್ ಇನ್ನೊಂದ್ ತಂದ್ಕೊಡಿ."

ಮರುದಿನ ನನ್ನ ಬಿ.ಕಾಂ. ಅಕೌಂಟೆನ್ಸಿ ಪುಸ್ತಕ ಒಯ್ದೆ. ಅಳತೆ ಸರಿಹೋಯಿತು. ಆ ಪುಸ್ತಕದಿಂದ ಒಬ್ಬರಿಗಾದರೂ ಉಪಯೋಗವಾದದ್ದು ಅದೇ ಮೊದಲು.

ಮನೆಗೆ ಬಂದು ತೆರೆದರೆ, ಅದೇ ಹಸಿರು, ಅದೇ ಬಳ್ಳಿ. ಬಹಳ ಅಪರೂಪ ಎಂದು ಬರೆದಿತ್ತು. ಇನ್ನು ಸುಮ್ಮನೆ ಇಟ್ಟುಕೊಂಡರೆ ಅದು ಕಳ್ಳತನವೇ. ಪ್ರಾಮಾಣಿಕವಾಗಿ ಒಪ್ಪಿಸಿದರೆ ಮುನಿರಾಜಣ್ಣ ಮೆಚ್ಚಿ, "ನೀವೇ ಇಟ್ಕೊಳ್ಳಿ" ಎನ್ನಬಹುದೆಂದು ಲೆಕ್ಕ ಹಾಕಿದೆ. ಬಟ್ಟಲಿಗೆ ಸಕ್ಕರೆ ತುಂಬಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದೆ. ಆ ಪುಟವನ್ನು ಪೂರ್ತಿ ಓದಿ ಅರ್ಥ ಹೇಳಿದೆ. ಗಂಡ ಹೆಂಡತಿ ಇಬ್ಬರೂ ಶ್ರದ್ಧೆಯಿಂದ ಕೇಳಿದರು.

"ಇಷ್ಟ್ ದೊಡ್ ಮನಸು ಯಾರ್ಗಿರ್ತದೆ ಸ್ವಾಮಿ," ಎಂದರು ಮುನಿರಾಜಣ್ಣ. "ಇದು ನಿಮ್ಮ ತಾಯಿಯೋರ್ದು. ಅವರಿದ್ದಾಗ ಇದ್ರಲ್ಲಿ ಉಪ್ಪಿನಕಾಯಿ ಕಳಿಸಿದ್ರು. ವಾಪಸ್ ಕೊಡೋದು ಮರ್ತೇ ಓಗಿತ್ತು, ಅದುಕ್ಕೇ ಗಿಣ್ಣಾಕಿ ಕಳಿಸಿದ್ವಿ. ಇಷ್ಟ್ ಬೆಲೆ ಬಾಳೋದು ಅಂತ ಗೊತ್ತಿದ್ದೂ ನಮಗೇ ಕೊಡ್ತಿದೀರಲ್ಲ. ಇಂಗ್ ಪ್ರೀತಿಯಿಂದ ಕೊಟ್ಟಿದ್ನ ಬ್ಯಾಡ ಅನ್ನಕಾಯ್ತದಾ?"

ಜಯಮ್ಮ ಸಕ್ಕರೆಯನ್ನು ಡಬ್ಬಿಗೆ ಸುರಿದು, ಬಟ್ಟಲು ತೊಳೆದು ಒರೆಸಿ, ಷೋಕೇಸಿನ ನಡುವೆ ಇಟ್ಟು ಬೀಗ ಹಾಕಿದರು. ನಾನು ಪುಸ್ತಕವನ್ನಷ್ಟೇ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

ನಡೆದದ್ದನ್ನು ಕೇಳಿ ಸರೋಜ ನಗಲೂ ಇಲ್ಲ. ಅತ್ತೆಯನ್ನು ಕಂಡವಳಲ್ಲ, ಬಟ್ಟಲಿನ ಗುರುತು ಅವಳಿಗೆ ಸಿಗುವಂತಿರಲಿಲ್ಲ. ನನಗೆ ಮಾತ್ರ ನಿಜಕ್ಕೂ ನಾಚಿಕೆಯಾಯಿತು. ಆ ಬಟ್ಟಲಿನಿಂದ ಅಮ್ಮ ಎಷ್ಟು ವರ್ಷ ನನ್ನ ತಟ್ಟೆಗೆ ಉಪ್ಪಿನಕಾಯಿ ಬಡಿಸಿದ್ದಳೋ. ನಾನು ಒಮ್ಮೆಯೂ ಉಪ್ಪಿನಕಾಯಿಯಿಂದಾಚೆಗೆ ನೋಡಿರಲಿಲ್ಲ.